ಹಡಗಿನ ಪುಸ್ತಕಗಳ ಹಿಂದೆ

ಪರದೆಯ ಮೇಲೆ ನೂರ ಎಂಬತ್ತಾರನೆಯ ಪುಟ ತೆರೆದುಕೊಂಡಿತ್ತು. ಅವಳಿಗೆ ಬೇಕಾದದ್ದು ಮಾತ್ರ ಅದರಲ್ಲಿರಲಿಲ್ಲ. ಅರವತ್ತು ವರ್ಷದ ಹಿಂದಿನ ಆ ವರದಿಯನ್ನು ಸ್ಕ್ಯಾನ್ ಮಾಡಿದ ಪುಣ್ಯಾತ್ಮ, ಪುಸ್ತಕದೊಳಗೆ ಮಡಿಚಿ ಅಂಟಿಸಿದ್ದ ಉದ್ದನೆಯ ಕೋಷ್ಟಕವನ್ನು ಬಿಡಿಸುವ ಗೋಜಿಗೇ ಹೋಗದೆ ಮಡಿಕೆಯ ಸಮೇತ ಯಂತ್ರದ ಕೆಳಗಿಟ್ಟುಬಿಟ್ಟಿದ್ದ. ಒಂದರಿಂದ ಅರವತ್ತರವರೆಗಿನ ಬಾವಿಗಳ ನೀರಿನ ಮಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು. ಅರವತ್ತೊಂದರಿಂದ ಮುಂದಕ್ಕೆ ಬರಿಯ ಕಾಗದದ ಬೆನ್ನು. ಅವಳು ಅದನ್ನು ದೊಡ್ಡದು ಮಾಡಿ ನೋಡಿದಳು, ಇನ್ನೂ ದೊಡ್ಡದು ಮಾಡಿ ನೋಡಿದಳು. ಬೆನ್ನು ದೊಡ್ಡದಾಯಿತು, ಅಷ್ಟೆ.

ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಮೈಕಿನಲ್ಲಿ ಮುಖ್ಯ ಗ್ರಂಥಪಾಲಕಿಯ ದನಿ ಮತ್ತೆ ಬಂತು. "ಮೂರನೇ ಮಹಡಿಯ ತೊಲೆ ಬಿರುಕು ಬಿಟ್ಟಿದೆ. ಎಲ್ಲರೂ ನಾಲ್ಕು ಗಂಟೆಯೊಳಗೆ ಹೊರಗೆ ಹೋಗಬೇಕು. ಮುಂದಿನ ಸೂಚನೆಯವರೆಗೆ ಗ್ರಂಥಾಲಯ ಮುಚ್ಚಿರುತ್ತದೆ. ಎಲ್ಲ ಸೇವೆಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ." ಮುಂದಿನ ಸೂಚನೆ ಎಂದರೆ ಕಡಿಮೆಯೆಂದರೂ ಒಂದು ವರ್ಷ ಎಂದು ಎಂಜಿನಿಯರ್ ಯಾರಿಗೋ ಹೇಳಿದ್ದು ಆಗಲೇ ಓದುವ ಕೋಣೆಯ ತುಂಬ ಹರಡಿತ್ತು.

ಅವಳ ಫೋನು ನಡುಗಿತು. ಪಿಎಚ್‌ಡಿ ಮಾರ್ಗದರ್ಶಕರು.

"ಸಿಕ್ತೇನಮ್ಮಾ?"

"ಆನ್‌ಲೈನ್‌ನಲ್ಲಿ ಅರ್ಧ ಕೋಷ್ಟಕ ಇದೆ ಸರ್. ಉಳಿದರ್ಧ ಮಡಚಿಕೊಂಡಿದೆ."

"ಉಳಿದರ್ಧಕ್ಕೇ ಅಲ್ವಾ ಪರೀಕ್ಷಕರು ತಕರಾರು ಎತ್ತಿರೋದು? ಅರವತ್ತೊಂದರಿಂದ ಎಪ್ಪತ್ನಾಲ್ಕರವರೆಗಿನ ಬಾವಿಗಳ ಅಂಕಿ ನಿನ್ನ ಪ್ರಬಂಧಕ್ಕೆ ಎಲ್ಲಿಂದ ಬಂತು ಅಂತ ಕೇಳಿದ್ದಾರೆ. ನೇರವಾಗಿ ಹೇಳ್ತೀನಿ, ನೀನೇ ಹುಟ್ಟಿಸಿದ್ದು ಅಂತ ಅವರಿಗೆ ಅನುಮಾನ. ಮೂಲದ ಪುಟ ನಾಳೆ ಬೆಳಿಗ್ಗೆ ಹತ್ತರೊಳಗೆ ಹೋಗ್ಲಿಲ್ಲ ಅಂದ್ರೆ ಸೋಮವಾರದ ಮೌಖಿಕ ಪರೀಕ್ಷೆ ನಡೆಯಲ್ಲ. ತಿಂಗಳ ಕೊನೆಗೆ ನಿನ್ನ ನೋಂದಣಿ ಮುಗಿಯತ್ತೆ. ಇನ್ನೊಂದು ಸಲ ಮುಂದಕ್ಕೆ ಹಾಕಿಸೋದು ನನ್ನ ಕೈಲಾಗಲ್ಲ."

"ಗೊತ್ತು ಸರ್."

"ಅಚ್ಚಿನ ಪುಸ್ತಕ ಅಲ್ಲೇ ಇತ್ತಲ್ಲ? ನೀನು ಬರ್ಕೊಂಡಿದ್ದು ಅದ್ರಿಂದಾನೇ ಅಲ್ವಾ?"

ಅವಳು ಹೂಂ ಎಂದು ಫೋನಿಟ್ಟಳು. ಅಚ್ಚಿನ ಪುಸ್ತಕ ಅಲ್ಲೇ ಇತ್ತು. ಎಲ್ಲಿತ್ತು ಎನ್ನುವುದು ಇಡೀ ವಿಶ್ವವಿದ್ಯಾಲಯದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಗ್ರಂಥಾಲಯದಲ್ಲಿ ಮನೆಗೆ ಕೊಡದ ಪುಸ್ತಕಗಳನ್ನು ತಮ್ಮದಾಗಿಸಿಕೊಳ್ಳುವ ವಿದ್ಯೆ ಅಲ್ಲಿ ನಾಲ್ಕು ದಿನ ಕೂತವರಿಗೆಲ್ಲ ಬರುತ್ತದೆ. ಕದಿಯುವುದು ಬೇಡ, ಜಾಗ ಬದಲಿಸಿದರೆ ಸಾಕು. ಪರೀಕ್ಷೆ ಹತ್ತಿರ ಬಂದರೆ ಕಾನೂನಿನ ಪುಸ್ತಕ ಕವಿತೆಗಳ ನಡುವೆ ಹೋಗಿ ಕೂರುತ್ತದೆ, ರಸಾಯನಶಾಸ್ತ್ರ ಹೊಲಿಗೆ ಪುಸ್ತಕಗಳ ಹಿಂದೆ ಅಡಗುತ್ತದೆ. ಅಡಗಿಸಿದವರು ಬೇಕಾದಾಗ ತೆಗೆದು ಓದುತ್ತಾರೆ, ಮಿಕ್ಕವರು ಖಾಲಿ ಜಾಗ ನೋಡಿಕೊಂಡು ಹೋಗುತ್ತಾರೆ. ನಾಲ್ಕು ವರ್ಷದ ಹಿಂದೆ ಭೂವಿಜ್ಞಾನದ ಹುಡುಗರ ದಂಡೊಂದು ಆ ವರದಿಯ ನಾಲ್ಕನೆಯ ಸಂಪುಟವನ್ನು ವಾರಗಟ್ಟಲೆ ಬಿಡದೆ ಹಿಡಿದುಕೊಂಡಿದ್ದಾಗ ಅವಳಿಗೆ ತಲೆ ಕೆಟ್ಟಿತ್ತು. ಒಂದು ಮಧ್ಯಾಹ್ನ ಸಂಪುಟ ಕೈಗೆ ಸಿಕ್ಕಿದ್ದೇ ತಡ, ಮೂರನೆಯ ಮಹಡಿಗೆ ಹೋಗಿ ಹಡಗು ಕಟ್ಟುವ ವಿದ್ಯೆಯ ಸಾಲಿನಲ್ಲಿ, ದಪ್ಪ ಪುಸ್ತಕಗಳ ಹಿಂದೆ ಅದನ್ನು ತಳ್ಳಿದ್ದಳು. ಸಮುದ್ರ ಮುನ್ನೂರು ಮೈಲಿ ದೂರವಿರುವ ಊರಿನಲ್ಲಿ ಹಡಗಿನ ಪುಸ್ತಕ ಮುಟ್ಟುವವರು ಯಾರು? ಆಮೇಲೆ ಎಂಟು ಹತ್ತು ಸಲ ಅಲ್ಲೇ ನೆಲದ ಮೇಲೆ ಕೂತು ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಫೋಟೋ ಕೂಡ ತೆಗೆದಿದ್ದಳು. ಆ ಫೋನನ್ನು ಆಗ ಮೂರು ವರ್ಷದವಳಾಗಿದ್ದ ಮಗಳು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, "ಅಮ್ಮಾ, ಮೀನು" ಎಂದು ತೋರಿಸಿದ್ದಳು.

ಇಷ್ಟೇ ಆಗಿದ್ದರೆ ಎಲ್ಲರೂ ಮಾಡುವ ತಪ್ಪು ಎಂದು ಮರೆತುಬಿಡಬಹುದಿತ್ತು. ಆದರೆ ಮರುವರ್ಷ ಪುಸ್ತಕಗಳ ಎಣಿಕೆ ನಡೆಯಿತು. ನಾಲ್ಕನೆಯ ಸಂಪುಟ ಇರಲಿಲ್ಲ. ಹಿಂದೆಂದೋ ಮಾಡಿದ್ದ ಆ ಸ್ಕ್ಯಾನ್ ಬಿಟ್ಟರೆ ಬೇರೆಲ್ಲೂ ಪ್ರತಿಯಿಲ್ಲದ ಪುಸ್ತಕ ಅದು. ಆ ವಿಭಾಗದ ಹೊಣೆ ನಂಬರಣ್ಣನವರದಾಗಿತ್ತು.

ನಂಬರಣ್ಣ ಎಂಬುದು ಓದುಗರು ಇಟ್ಟ ಹೆಸರು. ಇಪ್ಪತ್ತಾರು ವರ್ಷ ಪುಸ್ತಕಗಳನ್ನು ಸಾಲಿಗೆ ಸೇರಿಸುತ್ತ ಬಂದ ಆ ಮನುಷ್ಯ ಜನರನ್ನೂ ಅವರವರ ವಿಷಯಕ್ಕೆ ಗ್ರಂಥಾಲಯ ಕೊಟ್ಟ ಸಂಖ್ಯೆಯಿಂದಲೇ ಗುರುತಿಸುತ್ತಿದ್ದರು. ಬಾವಿಗಳ ನೀರಿನ ಬಗ್ಗೆ ಓದುವ ಇವಳು ಅವರಿಗೆ "ಐದೈದೊಂದು ಮೇಡಂ". ಒಮ್ಮೆ ತಮ್ಮ ಬೀಗರನ್ನೇ "ಆರುನೂರ ಮೂವತ್ತು, ಹಸು ಸಾಕಿದ್ದಾರೆ" ಎಂದು ಪರಿಚಯಿಸಿದ್ದರಂತೆ. ಎಣಿಕೆಯಾದ ಮೇಲೆ ಮೇಲಧಿಕಾರಿಗಳು ಅವರಿಂದ ಲಿಖಿತ ವಿವರಣೆ ಕೇಳಿದರು. ನಿರ್ಲಕ್ಷ್ಯ ಎಂದು ಕಡತದಲ್ಲಿ ಬರೆದು, ಪುಸ್ತಕದ ಸಾಲುಗಳಿಂದ ತೆಗೆದು ಬಾಗಿಲ ಪಕ್ಕದ ಚೀಲದ ಕೌಂಟರಿಗೆ ಹಾಕಿದರು. ಅಂದಿನಿಂದ ಅವರ ಕೆಲಸ ಚೀಲ ತೆಗೆದುಕೊಂಡು ಟೋಕನ್ ಕೊಡುವುದು, ಟೋಕನ್ ತೆಗೆದುಕೊಂಡು ಚೀಲ ಕೊಡುವುದು.

ಅವಳಿಗೆ ಸುದ್ದಿ ತಿಳಿದಾಗ ಪುಸ್ತಕವನ್ನು ವಾಪಸು ಅದರ ಜಾಗದಲ್ಲಿಡಬೇಕೆಂದು ಹೊರಟಿದ್ದು ನಿಜ. ಮೆಟ್ಟಿಲಿನ ತನಕ ಹೋಗಿದ್ದಳು. ಈಗ ಅದು ತಾನಾಗಿ ಪ್ರತ್ಯಕ್ಷವಾದರೆ ವಿಚಾರಣೆ ಶುರುವಾಗುತ್ತದೆ ಎಂದು ಹೆದರಿ ಇಳಿದುಬಂದಿದ್ದಳು. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತೆಯೂ ಇಲ್ಲ ನುಂಗುವಂತೆಯೂ ಇಲ್ಲ. ಮೂರು ವರ್ಷ, ವಾರಕ್ಕೆ ಐದು ದಿನ, ಅದೇ ಮನುಷ್ಯನ ಕೈಗೆ ಚೀಲ ಕೊಟ್ಟು ಒಳಗೆ ಬಂದಿದ್ದಳು. ಮೊದಮೊದಲು ಮುಖ ತಪ್ಪಿಸುತ್ತಿದ್ದಳು. ಆಮೇಲಾಮೇಲೆ ಅದೂ ರೂಢಿಯಾಗಿತ್ತು, ನಾಚಿಕೆಗೇಡು.

ಮೆಟ್ಟಿಲ ಬಳಿ ಕೆಂಪು ಪಟ್ಟಿ ಕಟ್ಟಿದ್ದರು. ಹಳದಿ ಟೊಪ್ಪಿಯ ಎಂಜಿನಿಯರ್ ಕಾವಲಿಗೆ ನಿಂತಿದ್ದ. ಪಕ್ಕದಲ್ಲಿ ಒಂದು ಮೇಜು ಹಾಕಿಸಿಕೊಂಡು ಮುಖ್ಯ ಗ್ರಂಥಪಾಲಕಿ ಕಾಗದಗಳ ರಾಶಿಯ ನಡುವೆ ಕೂತಿದ್ದರು.

"ಮೇಡಂ, ಒಂದು ಪುಸ್ತಕ ಬೇಕಿತ್ತು. ಐದೇ ನಿಮಿಷ."

"ಎಲ್ಲರಿಗೂ ಒಂದೊಂದು ಪುಸ್ತಕ ಐದೈದು ನಿಮಿಷ ಬೇಕಮ್ಮ. ಬೆಳಗ್ಗಿಂದ ಎಂಬತ್ತು ಜನ ಬಂದ್ರು. ಯಾವ್ದು?"

ಅವಳು ಹೇಳಿದಳು. ಗ್ರಂಥಪಾಲಕಿ ಪೆನ್ನು ಕೆಳಗಿಟ್ಟರು. "ನಾಲ್ಕನೇ ಸಂಪುಟವಾ? ಅದು ಕಳೆದುಹೋಗಿ ಮೂರು ವರ್ಷ ಆಯ್ತಲ್ಲ. ಪಟ್ಟಿಯಿಂದಾನೇ ತೆಗೆದುಹಾಕಿದೀವಿ. ನಮ್ಮ ನಂಬರಣ್ಣನ ತಲೆ ಮೇಲೆ ಕೂತಿದ್ದು ಅದೇ ಪುಸ್ತಕ. ಆನ್‌ಲೈನ್‌ನಲ್ಲಿ ಇದೆ, ಮನೆಯಿಂದಾನೇ ನೋಡ್ಬಹುದು. ಮನೆಯಿಂದ ಲಾಗಿನ್ ಆಗೋಕೆ ಬೇಕಾದ ಸರ್ವರ್ ಯಂತ್ರ ಮೂರನೇ ಮಹಡೀಲಿದೆ, ಈಗ ಅದನ್ನೂ ಕೆಳಗಿಳಿಸ್ತಾರೆ. ಕಂಪ್ಯೂಟರ್ ವಿಭಾಗದವನೂ ನಂಬರಣ್ಣನೂ ಮೂರೂವರೆಗೆ ಹೋಗಿ ಹತ್ತು ನಿಮಿಷದಲ್ಲಿ ಬರ್ಬೇಕು, ಅಷ್ಟಕ್ಕೇ ಈ ಎಂಜಿನಿಯರ್ ಸಾಹೇಬ್ರು ಒಪ್ಪಿರೋದು. ಅದು ಇಳಿದ್ರೆ ನಿಮಗೆಲ್ಲ ಯಾವ ತೊಂದರೇನೂ ಇಲ್ಲ."

ಅವಳು ತಲೆಯಾಡಿಸಿ ಈಚೆ ಬಂದಳು. ಮೂರು ಗಂಟೆ ಹತ್ತು ನಿಮಿಷ. ಫೋನು ಮತ್ತೆ ನಡುಗಿತು. ಈ ಸಲ ಅತ್ತೆ.

"ಲೈಬ್ರರಿ ಬಿದ್ದೋಗತ್ತಂತೆ ಅಂತ ನಿನ್ನ ಮಗಳು ಬೀದಿಗೆಲ್ಲ ಸಾರ್ಕೊಂಡು ಬಂದ್ಲು. ನೀನು ಒಳಗಿದ್ದೀಯೋ ಹೊರಗೋ?"

"ಒಳಗೇ ಅತ್ತೆ. ಬಂದ್ಬಿಡ್ತೀನಿ."

"ಬಾ ಮತ್ತೆ. ಆ ಪುಸ್ತಕಗಳಿಗೇ ನಿನ್ನ ಕೊಟ್ಟು ಮದುವೆ ಮಾಡಿದ್ರೆ ಚೆನ್ನಾಗಿತ್ತು, ನನ್ನ ಮಗ ಬಚಾವಾಗ್ತಿದ್ದ." ಅತ್ತೆ ನಕ್ಕರು. ಆಮೇಲೆ ದನಿ ತಗ್ಗಿಸಿ, "ಸೋಮವಾರ ನಾನೂ ಬರ್ತೀನಿ. ಏಳು ವರ್ಷ ಮಗೂನ ಇಟ್ಕೊಂಡು ಕೂತೆ, ನೀನು ಡಾಕ್ಟರ್ ಆಗೋದನ್ನ ಕಣ್ಣಾರೆ ನೋಡ್ಬೇಕು ನಾನು" ಎಂದರು.

ಅವಳಿಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಚೀಲದ ಕೌಂಟರಿನ ಮುಂದೆ ಹುಡುಗ ಹುಡುಗಿಯರ ಸಾಲು ಕರಗುತ್ತಿತ್ತು. ನಂಬರಣ್ಣ ಟೋಕನ್ ನೋಡದೆಯೇ ಚೀಲ ಎತ್ತಿ ಕೊಡುತ್ತಿದ್ದರು. ಸಾಲು ಮುಗಿಯುವವರೆಗೆ ಅವಳು ಕಂಬದ ಪಕ್ಕ ನಿಂತು ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ತಿದ್ದಿ ತೀಡಿದಳು.

"ಅಣ್ಣಾ, ನೀವು ಮೇಲೆ ಹೋಗ್ತೀರಂತೆ."

"ಹೋಗ್ಬೇಕು ಐದೈದೊಂದು ಮೇಡಂ. ಚೀಲ ಹೊತ್ತು ಅಭ್ಯಾಸ ಆಗಿರೋನು ಯಂತ್ರಾನೂ ಹೊರ್ತಾನೆ ಅಂತ ಕಳಿಸ್ತಿದ್ದಾರೆ."

"ನನಗೊಂದು ಪುಸ್ತಕ ತಂದುಕೊಡ್ತೀರಾ? ಆ ಬಾವಿಗಳ ವರದಿ. ನಾಲ್ಕನೇ ಸಂಪುಟ."

ಅವರ ಕೈ ಕೌಂಟರಿನ ಮೇಲೆ ಹಾಗೇ ನಿಂತಿತು. "ಅದು ಇಲ್ವಲ್ಲ."

"ಇದೆಯಂತೆ. ಯಾರೋ ತಪ್ಪಿ ಬೇರೆ ಕಡೆ ಇಟ್ಟಿದ್ದಾರಂತೆ. ಹಡಗಿನ ಸಾಲಲ್ಲಿ."

"ಯಾರು ಹೇಳಿದ್ರು?"

"ಯಾರೋ ಹುಡುಗರು ಮಾತಾಡ್ಕೊಳ್ತಿದ್ರು."

"ಹಡಗಿನ ಸಾಲು ಅಂದ್ರೆ ನಾಲ್ಕು ಕಪಾಟು ಇದೆ. ಯಾವುದ್ರಲ್ಲಿ?"

"ಕಿಟಕಿ ಕಡೆಯದು. ಕೆಳಗಿಂದ ಎರಡನೇ ಹಲಗೆ. ನೀಲಿ ಬೈಂಡಿನ ದಪ್ಪ ಪುಸ್ತಕಗಳಿವೆಯಲ್ಲ, ಅವುಗಳ ಹಿಂದೆ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವಳು ಕುಂಬಳಕಾಯಿಯನ್ನೇ ತೆಗೆದು ಮುಂದಿಟ್ಟಿದ್ದಳು.

"ಹಿಂದೆ ಇರೋ ಪುಸ್ತಕ ಯಾರಿಗೆ ಕಾಣತ್ತೆ ಮೇಡಂ?" ಎಂದು ನಂಬರಣ್ಣ ಮೆಲ್ಲಗೆ ಕೇಳಿದರು.

"ನಾನೇ ಇಟ್ಟಿದ್ದು."

ಅವರು ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

"ಆ ಹುಡುಗರು ಬಿಡ್ತಾ ಇರ್ಲಿಲ್ಲ ಅಣ್ಣಾ. ಹದಿನೈದು ದಿನಕ್ಕೆ ಅಂತ ಇಟ್ಟೆ. ಆಮೇಲೆ ನಿಮ್ಮ ಮೇಲೆ ಬಂತು ಅಂತ ಗೊತ್ತಾಯ್ತು. ಆಗ ಹೇಳೋಕೆ ಧೈರ್ಯ ಬರ್ಲಿಲ್ಲ. ಈಗ ನಾಳೆ ಹತ್ತು ಗಂಟೆಗೆ ಆ ಪುಟ ಕಳಿಸ್ಲಿಲ್ಲ ಅಂದ್ರೆ ನನ್ನ ಪದವಿ ಹೋಗತ್ತೆ. ಅದಕ್ಕೇ ಹೇಳ್ತಿದೀನಿ. ಅದಿಲ್ದಿದ್ರೆ ಈಗ್ಲೂ ಹೇಳ್ತಿದ್ನೋ ಇಲ್ವೋ."

ಕೊನೆಯ ಮಾತು ಯಾಕೆ ಬಾಯಿಂದ ಬಂತೋ, ಬಂದುಬಿಟ್ಟಿತು.

ನಂಬರಣ್ಣ ಕೌಂಟರಿನ ಅಂಚನ್ನು ಬಟ್ಟೆಯಿಂದ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. "ನಾಲ್ಕು ತಿಂಗಳು ಹುಡುಕಿದೀನಿ ಮೇಡಂ ಅದನ್ನ. ರಜೆ ದಿನ ಬಂದು ಹುಡುಕಿದೀನಿ. ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಪುಸ್ತಕ ತೆಗೆದು ಹಿಂದೆ ಕೈ ಹಾಕಿ ನೋಡಿದೀನಿ. ಆರುನೂರ ಹತ್ತೊಂಬತ್ತರವರೆಗೆ ಬಂದಿದ್ದೆ. ಆಗ್ಲೇ ಇಲ್ಲಿಗೆ ಹಾಕಿದ್ರು." ಬಟ್ಟೆಯನ್ನು ಕೊಡವಿ, "ಹಡಗು ಆರುನೂರ ಇಪ್ಪತ್ಮೂರು" ಎಂದರು.

ಮೆಟ್ಟಿಲ ಕಡೆಯಿಂದ ಎಂಜಿನಿಯರ್ ಕೂಗಿದ. ನಂಬರಣ್ಣ ಬಟ್ಟೆಯನ್ನು ಮಡಿಚಿಟ್ಟು ಅವಳತ್ತ ನೋಡದೆ ನಡೆದರು. ತರುತ್ತೇನೆ ಎನ್ನಲಿಲ್ಲ, ತರುವುದಿಲ್ಲ ಎಂದೂ ಅನ್ನಲಿಲ್ಲ. ಹಳದಿ ಟೊಪ್ಪಿಯೊಂದನ್ನು ತಲೆಗಿಟ್ಟುಕೊಂಡು ಕೆಂಪು ಪಟ್ಟಿಯ ಕೆಳಗೆ ನುಸುಳಿ, ಕಂಪ್ಯೂಟರ್ ವಿಭಾಗದವನ ಹಿಂದೆ ಮೆಟ್ಟಿಲು ಹತ್ತಿದರು.

ಮೂರೂವರೆ. ಅವಳು ಪಟ್ಟಿಯ ಈಚೆ ನಿಂತಳು. ಮೇಲೆ ಬಾಗಿಲು ತೆರೆದ ಸದ್ದು, ಆಮೇಲೆ ಹೆಜ್ಜೆ, ಆಮೇಲೆ ಏನನ್ನೋ ಎಳೆದ ಸದ್ದು. ತರದಿದ್ದರೆ ಅವರ ತಪ್ಪೇನು? ಸಾಲು ಸಿಗಲಿಲ್ಲ ಎಂದರೆ ಯಾರೂ ಕೇಳುವಂತಿಲ್ಲ. ನಾಳೆಯಿಂದ ಆ ಬಾಗಿಲಿಗೆ ಬೀಗ, ಅವಳ ಏಳು ವರ್ಷಕ್ಕೂ ಬೀಗ. ಅವರ ಜಾಗದಲ್ಲಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದಳು. ತಾನಾಗಿದ್ದರೆ ತರುತ್ತಿರಲಿಲ್ಲ.

ಮೂರು ಮೂವತ್ತೆಂಟಕ್ಕೆ ಕಂಪ್ಯೂಟರ್ ವಿಭಾಗದವನು ಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡು ಒಬ್ಬನೇ ಇಳಿದುಬಂದ.

"ಅವರೆಲ್ಲಿ?" ಎಂದ ಎಂಜಿನಿಯರ್.

"ನನ್ನ ಹಿಂದೇನೇ ಇದ್ರಲ್ಲ. ಎರಡನೇ ಮಹಡಿವರೆಗೆ ಒಂದು ಕಡೆ ಹಿಡ್ಕೊಂಡು ಬಂದ್ರು. ನೀನು ನಡಿ ಅಂತ ಹೇಳಿ ವಾಪಸ್ ಹೋದ್ರಾ ಏನು ಕಥೆ?"

"ಇಳೀರಿ ಕೆಳಗೆ," ಎಂದು ಎಂಜಿನಿಯರ್ ಮೇಲಕ್ಕೆ ಕೂಗಿದ. ಉತ್ತರ ಬರಲಿಲ್ಲ. ಗ್ರಂಥಪಾಲಕಿ ಎದ್ದು ನಿಂತರು. ಮೂರು ನಲವತ್ತು. ಮೇಲೆ ಎಲ್ಲೋ ಗಾರೆಯ ಚಕ್ಕೆ ಕಳಚಿ ನೆಲಕ್ಕೆ ಬಿದ್ದ ಸದ್ದು ಮೆಟ್ಟಿಲಗುಂಟ ಉರುಳಿಕೊಂಡು ಬಂತು. ಅವಳು ಪಟ್ಟಿಯನ್ನು ಎತ್ತಿ ಒಳನುಗ್ಗಲು ಹೋದಳು. ಎಂಜಿನಿಯರ್ ಅವಳ ತೋಳು ಹಿಡಿದು ಹಿಂದಕ್ಕೆ ತಳ್ಳಿದ. ಆ ಕ್ಷಣ ಅವಳಿಗೆ ಪುಸ್ತಕ ಬೇಕಿರಲಿಲ್ಲ, ಪದವಿ ಬೇಕಿರಲಿಲ್ಲ. ಆ ಮನುಷ್ಯ ಇಳಿದು ಬಂದರೆ ಸಾಕಿತ್ತು.

ಮೂರು ನಲವತ್ತೈದಕ್ಕೆ ನಂಬರಣ್ಣ ತಿರುವಿನಲ್ಲಿ ಕಂಡರು. ಟೊಪ್ಪಿ, ಭುಜ, ಹುಬ್ಬು ಎಲ್ಲ ಬಿಳಿ ಧೂಳು. ಕಂಕುಳಲ್ಲಿ ಕಂದು ಬೈಂಡಿನ ಸಂಪುಟ. ಎಂಜಿನಿಯರ್ ಬೈಯುತ್ತಲೇ ಇದ್ದ. ಅದು ಕಿವಿಗೇ ಬೀಳದವರಂತೆ ಅವರು ಅವಳನ್ನು ದಾಟಿ ಹೋಗಿ ಗ್ರಂಥಪಾಲಕಿಯ ಮೇಜಿನ ಮೇಲೆ ಸಂಪುಟವನ್ನಿಟ್ಟರು.

"ಐದೈದೊಂದು, ಸಂಪುಟ ನಾಲ್ಕು. ಸಿಕ್ತು ಮೇಡಂ."

ಗ್ರಂಥಪಾಲಕಿ ಪುಸ್ತಕ ತೆರೆದು ಮೊದಲ ಪುಟದ ಮೊಹರು ನೋಡಿದರು. ಮುಖ ಅರಳಿತು, ಮರುಕ್ಷಣವೇ ಬಿಗಿಯಿತು. "ಎಲ್ಲಿತ್ತು?"

"ಹಡಗಿನ ಪುಸ್ತಕಗಳ ಹಿಂದೆ."

"ಅಲ್ಲಿಗೆ ಹೇಗೆ ಹೋಯ್ತು?"

"ನಾನು ಇಟ್ಟಿಲ್ಲ ಮೇಡಂ."

"ಸರಿ, ನೀವು ಇಟ್ಟಿಲ್ಲ. ಆದ್ರೆ ಎರಡು ಲಕ್ಷ ಪುಸ್ತಕ ಇರೋ ಕಡೆ, ಮುಚ್ಚೋ ದಿನ, ಇಷ್ಟು ಅಪಾಯದಲ್ಲಿ, ನೇರವಾಗಿ ಅಲ್ಲಿಗೇ ಹೋಗಿ ಎತ್ಕೊಂಡು ಬಂದ್ರಿ. ಮೂರು ವರ್ಷದಿಂದ ಅಲ್ಲಿರೋದು ನಿಮಗೆ ಗೊತ್ತಿತ್ತು ಅಂತಾನೇ ಅಂತಾರೆ ಎಲ್ಲರೂ. ನಾನು ಏನಂತ ಬರೀಲಿ?"

ನಂಬರಣ್ಣ ಮುಖದ ಧೂಳು ಒರೆಸಿಕೊಂಡರು. ಅವಳು ಮೂರೇ ಹೆಜ್ಜೆ ದೂರದಲ್ಲಿದ್ದಳು. ಅವರು ಅವಳ ಕಡೆ ಕಣ್ಣೆತ್ತಲಿಲ್ಲ. "ಗೊತ್ತಿರ್ಲಿಲ್ಲ" ಎಂದರು.

ಅವಳು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆಮೇಲೆ ಫೋಟೋ ತೆಗೆದುಕೊಳ್ಳುತ್ತೇನೆ ಎಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ನಾಳೆ ಹತ್ತು ಗಂಟೆ, ಸೋಮವಾರ, ಮುಂದಿನ ಸಾಲಿನಲ್ಲಿ ಅತ್ತೆ. ಎಲ್ಲವೂ ಒಂದು ಕೈಯಳತೆಯಲ್ಲಿತ್ತು.

"ನಾನು ಇಟ್ಟಿದ್ದು ಮೇಡಂ" ಎಂದಳು.

"ಏನು?"

"ನಾಲ್ಕು ವರ್ಷದ ಹಿಂದೆ ನಾನು ಬಚ್ಚಿಟ್ಟಿದ್ದು. ಎಲ್ಲಿದೆ ಅಂತ ಅವರಿಗೆ ನಾನೇ ಈಗ ಹೇಳಿದ್ದು. ಅದಕ್ಕೆ ಮೊದಲು ಅವರಿಗೆ ಏನೂ ಗೊತ್ತಿರ್ಲಿಲ್ಲ."

ಗ್ರಂಥಪಾಲಕಿ ಮತ್ತೆ ಕೂತು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದರು. "ಬರೆದುಕೊಡಿ. ನೋಡಿ, ಇದನ್ನ ನಾನು ಮೇಜಿನೊಳಗೆ ಇಟ್ಕೊಳ್ಳೋಕಾಗಲ್ಲ. ಕುಲಸಚಿವರ ಕಚೇರಿಗೆ ಹೋಗತ್ತೆ, ಅಲ್ಲಿಂದ ಶಿಸ್ತು ಸಮಿತಿಗೆ. ಪದವಿ ತಡೆಹಿಡಿದ್ರೂ ಹಿಡೀಬಹುದು. ಗೊತ್ತಿದೆಯಾ?"

"ಗೊತ್ತಿದೆ."

ನಿಂತುಕೊಂಡೇ ಬರೆದಳು. ಆರು ಸಾಲು. ಇಂಥ ದಿನ, ಇಂಥ ಕಪಾಟು, ಇಂಥ ಕಾರಣ. ಏಳು ವರ್ಷ ಬರೆದ ಮುನ್ನೂರು ಪುಟದಲ್ಲಿ ಯಾವ ಸಾಲೂ ಇಷ್ಟು ಕಷ್ಟ ಕೊಟ್ಟಿರಲಿಲ್ಲ. ಕೆಳಗೆ ಸಹಿ ಹಾಕಿದಳು.

"ಫೋಟೋ ತಗೊಳ್ಳಿ. ಎಂಟು ನಿಮಿಷ ಇದೆ" ಎಂದರು ಗ್ರಂಥಪಾಲಕಿ.

ಕೋಷ್ಟಕ ಮೇಜಿಗಿಂತ ಉದ್ದವಿತ್ತು. ಅವಳು ಒಂದು ತುದಿ ಹಿಡಿದರೆ ಇನ್ನೊಂದು ತುದಿ ಮಡಚಿಕೊಳ್ಳುತ್ತಿತ್ತು. ನಂಬರಣ್ಣ ಬಂದು ಆಚೆ ತುದಿಯನ್ನು ಹಿಡಿದರು. ಅವಳು ಅರವತ್ತೊಂದರಿಂದ ಬೆರಳಿಟ್ಟು, ಫೋನಿನಲ್ಲಿದ್ದ ತನ್ನ ಪ್ರಬಂಧದ ಪುಟದೊಂದಿಗೆ ಒಂದೊಂದೇ ಅಂಕಿ ತಾಳೆ ನೋಡಿದಳು. ಎಪ್ಪತ್ನಾಲ್ಕರವರೆಗೂ ಸರಿಯಿತ್ತು. ಅವಳು ಸುಳ್ಳು ಬರೆದಿರಲಿಲ್ಲ, ಬಾವಿಗಳ ವಿಷಯದಲ್ಲಾದರೂ. ಆರು ಫೋಟೋ ತೆಗೆದು ಅಲ್ಲಿಂದಲೇ ಮಾರ್ಗದರ್ಶಕರಿಗೆ ಕಳಿಸಿದಳು. ಕೆಳಗೆ, "ಇನ್ನೊಂದು ವಿಷಯ ಹೇಳುವುದಿದೆ ಸರ್, ಸಂಜೆ ಮನೆಗೆ ಬರುತ್ತೇನೆ" ಎಂದು ಬರೆದಳು.

"ಅಣ್ಣಾ" ಎಂದಳು.

ನಂಬರಣ್ಣ ಕೋಷ್ಟಕವನ್ನು ಹಳೆಯ ಮಡಿಕೆಗಳ ಗುರುತಿನಲ್ಲೇ ಮಡಿಚಿದರು. "ಹುಷಾರು ಮೇಡಂ, ಇಲ್ಲಿ ಸ್ವಲ್ಪ ಹರಿದಿದೆ" ಎಂದರು, ಅಷ್ಟೆ.

ನಾಲ್ಕು ಗಂಟೆಗೆ ಎಂಜಿನಿಯರ್ ಎಲ್ಲರನ್ನೂ ಹೊರಡಿಸಿದ. ಹೊರಗಿನ ಮೆಟ್ಟಿಲುಗಳ ಮೇಲೆ ಹುಡುಗರು ಸಾಲಾಗಿ ಕೂತು ಆಗಲೇ ಫೋನಿನಲ್ಲಿ ಲಾಗಿನ್ ಆಗಲು ನೋಡುತ್ತಿದ್ದರು. ಯಂತ್ರವನ್ನು ಇನ್ನೂ ಎಲ್ಲೂ ಜೋಡಿಸಿರಲಿಲ್ಲ. ಬೀಗ ಬಿದ್ದ ಮೇಲೆ ನಂಬರಣ್ಣ ಸಂಪುಟ ಹಿಡಿದು ನಿಂತೇ ಇದ್ದರು.

"ಇದನ್ನೆಲ್ಲಿಡ್ಲಿ ಮೇಡಂ?"

ಗ್ರಂಥಪಾಲಕಿ ಬೀಗ ನೋಡಿದರು, ಪುಸ್ತಕ ನೋಡಿದರು. ಅದಕ್ಕೆ ಪಟ್ಟಿಯಲ್ಲಿ ಹೆಸರಿರಲಿಲ್ಲ, ಇಡಲು ಕಪಾಟಿರಲಿಲ್ಲ. "ನಿಮ್ಮ ಹತ್ರಾನೇ ಇರ್ಲಿ" ಎಂದರು. "ಮತ್ತೆ ಜಾಗ ಆಗೋವರೆಗೂ ನಿಮ್ಮ ವಶ ಅಂತ ಬರ್ಕೋತೀನಿ."

ಅವಳು ರಸ್ತೆ ದಾಟಿ ತನ್ನ ಬಸ್ಸಿಗೆ ನಿಂತಳು. ಎದುರಿನ ತಂಗುದಾಣದಲ್ಲಿ ನಂಬರಣ್ಣ ಒಬ್ಬರೇ ನಿಂತಿದ್ದರು. ಹುಬ್ಬಿನ ಮೇಲೆ ಧೂಳು ಇನ್ನೂ ಹಾಗೇ ಇತ್ತು. ಮೊದಲ ಬಸ್ಸು ಬಾಗಿಲಲ್ಲೇ ಜನ ಜೋತಾಡಿಕೊಂಡು ಬಂತು. ಅವರು ಹತ್ತಲಿಲ್ಲ. ಎರಡನೆಯದರಲ್ಲೂ ನೂಕುನುಗ್ಗಲು. ಪುಸ್ತಕವನ್ನು ಎದೆಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ಅದನ್ನೂ ಬಿಟ್ಟರು. ಅರ್ಧ ಗಂಟೆಯ ಮೇಲೆ ಖಾಲಿ ಬಸ್ಸೊಂದು ಬಂತು. ಕಿಟಕಿಯ ಪಕ್ಕ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ಕಂಡಕ್ಟರು ಏನೋ ಕೇಳುತ್ತ ಮೇಲಿನ ಸಾಮಾನಿನ ಹಲಗೆಯತ್ತ ಕೈ ತೋರಿಸಿದ. ನಂಬರಣ್ಣ ಬೇಡವೆಂದು ತಲೆಯಾಡಿಸಿ, ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟುಕೊಂಡರು.